ನೋಟಿಸಿನ ಗದ್ಯಶೈಲಿ

ಕೋರ್ಟಿನ ಮೆಟ್ಟಿಲು ಹತ್ತಬೇಕೆಂದು ನನಗೆ ಮೊದಲಿನಿಂದಲೂ ಆಸೆ. ನಮ್ಮ ತಾತ ಒಂದು ಬದುವಿನ ವ್ಯಾಜ್ಯಕ್ಕಾಗಿ ಗದ್ದೆಯನ್ನೇ ಮಾರಿದವರು. ಆ ಪರಂಪರೆ ನನ್ನ ಕಾಲಕ್ಕೆ ನಿಂತುಹೋಗಬಾರದಲ್ಲ! ಹೀಗಾಗಿ ಕೈಸಾಲ ತೀರಿಸಲೆಂದು ಗೆಳೆಯ ಬರೆದುಕೊಟ್ಟ ಚೆಕ್ಕು ಬೌನ್ಸಾದಾಗ ನನಗೆ ದುಃಖಕ್ಕಿಂತ ಸಡಗರವೇ ಹೆಚ್ಚಾಯಿತು.

ಕೇಸಿಗೆ ಮುಂಚೆ ನೋಟಿಸು ಕೊಡಬೇಕೆಂಬುದು ಗೊತ್ತಿತ್ತು. ವಕೀಲರು ಬರೆದರೆ ಅದರಲ್ಲಿ ರಸವೆಲ್ಲಿರುತ್ತದೆ? ನಾನೇ ಕೂತೆ. ಹೈಸ್ಕೂಲಿನ ಬೆಂಚು, ಬೈಟೂ ಕಾಫಿ, ಅವನ ಮದುವೆಯಲ್ಲಿ ನಾನು ಸೌಟು ಹಿಡಿದು ಹುಳಿ ಬಡಿಸಿದ್ದು, ಕರ್ಣ-ದುರ್ಯೋಧನರ ಸ್ನೇಹ, ಎಲ್ಲ ಬಂತು. ಬರೆದೆ, ಹರಿದೆ, ಮತ್ತೆ ಬರೆದೆ. ಹೆಂಡತಿಗೆ ಓದಿದರೆ "ಸ್ವಲ್ಪ ಉದ್ದ ಆಯ್ತೇನೋ" ಎಂದಳು. ಅರಸಿಕಳು. ಸ್ಪೀಡ್ ಪೋಸ್ಟ್ ಮಾಡಿದೆ.

ಆಮೇಲೆ ವಕೀಲರ ಬಳಿ ಹೋದೆ. "ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸು ಕೊಡಬೇಕಿತ್ತು. ನೀವು ಕರಡು ತಿದ್ದೋದ್ರಲ್ಲೇ ದಾಟಿಸಿದೀರಿ. ಅದು ಹಾಳಾಗ್ಲಿ, ಇದ್ರಲ್ಲಿ ದುಡ್ಡು ಕೇಳೇ ಇಲ್ವಲ್ಲ ಸಾರ್?"

ತಿರುವಿ ನೋಡಿದೆ. ಕರ್ಣನಿದ್ದ, ಹುಳಿಯಿತ್ತು, ದುಡ್ಡಿನ ಮಾತಿರಲಿಲ್ಲ. ಚೆಕ್ ಬೌನ್ಸಿಗೆ ಅನ್ವಯಿಸುವ 138ನೇ ಸೆಕ್ಷನ್ನಿನ ಪ್ರಕಾರ ನೋಟಿಸಿನಲ್ಲಿ ಹಣ ಕೊಡೆಂದು ಕೇಳಬೇಕು. ನೋಟಿಸು ತಲುಪಿ 15 ದಿನವಾದರೂ ಕೊಡದಿದ್ದರೆ ಮಾತ್ರ ಕೇಸು. ಚೆಕ್ಕನ್ನು ಮತ್ತೊಮ್ಮೆ ಬ್ಯಾಂಕಿಗೆ ಹಾಕೋಣವೆಂದರೆ ಅದರ ಆಯುಷ್ಯ 3 ತಿಂಗಳು, ಅದೂ ಮುಗಿದಿತ್ತು.

"ಸಿವಿಲ್ ದಾವೆ ಹಾಕ್ಬಹುದು. ಸಾಲ ಕೊಟ್ಟು 3 ವರ್ಷ ಆಗಿಲ್ಲ ತಾನೆ? ಈ ಕಾಗದಕ್ಕೆ ಅವರು ಉತ್ತರ ಏನಾದ್ರೂ ಬರೆದ್ರಾ?"

ಬರೆದಿದ್ದ. "ಓದಿ ಕಣ್ಣು ತುಂಬಿತು ಮಾರಾಯ. ನಿನ್ನ ಸಾಲ ಬಾಕಿ ಇರುವುದು ನಿಜ." ಕೆಳಗೆ ಸಹಿ. ವಕೀಲರು ಕುರ್ಚಿಯಿಂದ ಎದ್ದೇಬಿಟ್ಟರು. ಅವಧಿ ಮುಗಿಯುವ ಮುನ್ನ ಸಾಲಗಾರ ಹೀಗೆ ಒಪ್ಪಿ ಸಹಿ ಹಾಕಿದರೆ, ಕಾಲಮಿತಿ ಕಾಯ್ದೆಯಂತೆ ಅಂದಿನಿಂದ ಹೊಸದಾಗಿ 3 ವರ್ಷ ಸಿಗುತ್ತದಂತೆ! "ಸಾಹಿತ್ಯದಿಂದಲೂ ಉಪಯೋಗ ಇದೆ ಸಾರ್" ಎಂದರು. ನನ್ನ ಬರಹಕ್ಕೆ ಸಿಕ್ಕ ಮೊದಲ ವಿಮರ್ಶೆ ಅದು. ಉಬ್ಬಿಹೋಗಿ, ಮರುಟಪಾಲಿಗೆ ನಾನು ಬರೆದದ್ದನ್ನೂ ಮೊಬೈಲಿನಲ್ಲಿ ತೋರಿಸಿದೆ: "ಗೆಳೆಯಾ, ಆ ಹಣ ನೀನು ಕೊಡಬೇಕಿಲ್ಲ. ಬಿಟ್ಟೆ."

ವಕೀಲರು ಕೂತರು. "ಕರಾರು ಕಾಯ್ದೆ, 63ನೇ ಸೆಕ್ಷನ್. ಬರಬೇಕಾದ್ದನ್ನ ಕೊಟ್ಟವನೇ ಬಿಟ್ಟುಕೊಟ್ರೆ ಮುಗೀತು. ಪ್ರತಿಫಲ ಕೂಡ ಬೇಕಾಗಿಲ್ಲ."

ತಮ್ಮ ಫೀಸಿನ ಮೊತ್ತವನ್ನೂ ಹೇಳಿದರು. ಆ ಸೆಕ್ಷನ್ ಅದಕ್ಕೂ ಅನ್ವಯಿಸುತ್ತದೆಯೇ ಎಂದು ಕೇಳಿದೆ.

"ಖಂಡಿತ ಸಾರ್, ನಾನು ಬರೆದುಕೊಟ್ರೆ" ಎನ್ನುತ್ತಾ ಪೆನ್ನಿಗೆ ಕ್ಯಾಪ್ ಹಾಕಿದರು.