ಕೊಂಬಿಲ್ಲದ ಫೋನು

ಪಕ್ಕದ ತೋಟದ ಗೌಡ್ರು ದಿನಾ ಬೆಳಿಗ್ಗೆ ಬೇಲಿ ಹತ್ತಿರದ ಹಲಸಿನ ಬುಡದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿರುತ್ತಾರೆ. ಸೂರ್ಯನಮಸ್ಕಾರ ಅಲ್ಲ. ನೆಟ್‌ವರ್ಕು ಎರಡು ಕಡ್ಡಿ ಬರುವುದು ಅಲ್ಲಿ ಮಾತ್ರ. ಕಾಫಿಗಿಡದ ಕಡೆ ಒಂದು ಹೆಜ್ಜೆ ಸರಿದರೆ ಅದೂ ಇಲ್ಲ.

"ಮಗ ಬೆಂಗಳೂರಿಂದ ತಂದದ್ದು ಮಾರಾಯ್ರೆ, ಗಾಜಿನ ಬೆನ್ನು! ನಮ್ಮ ತೋಟದ ರೈಟರ್‌ನ ಕೀಪ್ಯಾಡ್ ಫೋನು ಹಳ್ಳದ ಹತ್ರನೂ ಮಾತಾಡುತ್ತೆ. ಇದಕ್ಕೇನು ದಾಡಿ?"

"ಆ ಫೋನಿನ ಗಂಟಲು ದೊಡ್ಡದು ಗೌಡ್ರೇ. 900 ಮೆಗಾಹರ್ಟ್ಸಿನ 2ಜಿಯಲ್ಲಿ 2 ವಾಟ್‌ವರೆಗೂ ಕೂಗಬಹುದು. 4ಜಿಯಲ್ಲಿ ಸಾಮಾನ್ಯವಾಗಿ 0.2 ವಾಟೇ ಮಿತಿ. ನಿಮ್ಮ ಸೆಟ್ಟಿಗೂ 2ಜಿ ಬರುತ್ತೆ, ನಿಮ್ಮ ಸಿಮ್ಮಿನವರ ಹತ್ರ 2ಜಿಯೇ ಇಲ್ಲವಲ್ಲ! ಮೇಲಿಂದ ಈ ಒದ್ದೆ ಸೊಪ್ಪು. ಅಲೆ ಸಣ್ಣದಾದಷ್ಟೂ ಎಲೆಗೆ ಸಿಕ್ಕಿ ಸೊರಗುತ್ತೆ. ಗಾಜು ಯಾಕೆ ಅಂದ್ರೆ, ಲೋಹದ ಬೆನ್ನು ಅಲೆಗೆ ಅಡ್ಡ."

"ಬಿದ್ರೆ ಒಡೆಯುತ್ತಲ್ಲ?"

"ಒಡೆಯುತ್ತೆ."

ಹಳೇ ಫೋನುಗಳ ತಲೆ ಮೇಲೆ ಆಂಟೆನಾದ ಕೊಂಬೊಂದು ಇರುತ್ತಿತ್ತು. 1999ರಲ್ಲಿ ಬಂದ ನೋಕಿಯಾ 3210 ಅದನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿತ್ತು. ಆಂಟೆನಾ ಅಲೆಯ ಕಾಲು ಭಾಗದಷ್ಟಿದ್ದರೆ ಸಾಕು. 900ರ ಅಲೆಗೆ ಅದು ಎಂಟೇ ಸೆಂಟಿಮೀಟರು, ಮಡಚಿಟ್ಟರೆ ಒಳಗೆ ಹಿಡಿಸುತ್ತದೆ. ಜೇಬಿಗೆ ಚುಚ್ಚುವುದು ತಪ್ಪಿತು. ಆದರೆ ಹಿಡಿದ ಅಂಗೈಯೇ ಈಗ ಆಂಟೆನಾಕ್ಕೆ ಕಂಬಳಿ.

"ಅದಿರಲಿ, ರೇಡಿಯೋ ಎಲ್ಲಿ?" ಗೌಡ್ರು ಫೋನನ್ನು ತಲೆಕೆಳಗು ಮಾಡಿ ತೋರಿಸಿದರು. ಇಯರ್‌ಫೋನ್ ತೂತೇ ಇಲ್ಲ.

ಸಂಕಟ ಇರುವುದು ಇಲ್ಲೇ. ಎಫ್‌ಎಂ ಅಲೆ ಸುಮಾರು ಮೂರು ಮೀಟರ್ ಉದ್ದ, ಕಾಲು ಭಾಗವೇ ಮುಕ್ಕಾಲು ಮೀಟರು. ಯಾವ ಫೋನಿನ ಹೊಟ್ಟೆಗೂ ಹಿಡಿಸದು. ಇಯರ್‌ಫೋನಿನ ವೈರೇ ಆಂಟೆನಾ ಆಗಿತ್ತು. 2016ರಲ್ಲಿ ಆ್ಯಪಲ್ ಐಫೋನಿನ ತೂತು ಮುಚ್ಚಿತು. ಒಳಗೆ ಜಾಗ ಉಳಿಯಿತು, ನೀರು ನುಗ್ಗುವ ದಾರಿ ಒಂದು ಕಮ್ಮಿಯಾಯಿತು, ಕಿವಿಗೆ ಸಿಕ್ಕಿಸುವ ವೈರಿಲ್ಲದ ಗುಂಡುಗಳ ವ್ಯಾಪಾರವೂ ಕುದುರಿತು. ಉಳಿದವರಲ್ಲೂ ಬಹಳ ಜನ ಅದೇ ಜಾಡು ಹಿಡಿದರು.

2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡ ಜರಿದದ್ದು ಮರೆಯುವಂಥದ್ದಲ್ಲ. ಅಂಥ ಮಳೆಗೆ ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ ಇಷ್ಟು ಬೆಲೆಯ ಫೋನು ಬರೀ ಟಾರ್ಚು. ರೇಡಿಯೋಗೆ ನಮ್ಮೂರ ಟವರಿನ ಹಂಗಿಲ್ಲ. 2023ರ ಏಪ್ರಿಲಿನಲ್ಲಿ ಕೇಂದ್ರದ ಐಟಿ ಸಚಿವಾಲಯವೂ ಫೋನುಗಳಲ್ಲಿ ಎಫ್‌ಎಂ ಇರಲಿ ಅಂತ ಕಂಪನಿಗಳಿಗೆ ಸಲಹೆ ಕೊಟ್ಟಿತ್ತು. ತೂತು ಮುಚ್ಚಿದ ಮೇಲೆ ಸಲಹೆ!

"ಒಂದು ಕೆಲಸ ಮಾಡಿ. ಇದನ್ನ ರೈಟರ್‌ಗೆ ಕೊಟ್ಟು ಅವನದನ್ನ ನೀವು ಇಟ್ಕೊಳ್ಳಿ," ಅಂದೆ.

ಗೌಡ್ರು ಫೋನಿನ ಗಾಜನ್ನು ಪಂಚೆಗೆ ಒರೆಸಿಕೊಂಡರು. "ಮೊನ್ನೆನೇ ಕೇಳಿದೆ. ಬೇಡ ಅಂದ."