ಅಧ್ಯಕ್ಷರ ಬೀದಿ

ಅಮೆರಿಕದ ಕ್ಯುಪರ್ಟಿನೋದಲ್ಲಿ ನನ್ನ ಮಗಳ ಮನೆಯಿರುವ ಬೀದಿಯಲ್ಲಿ ಅಧ್ಯಕ್ಷರಲ್ಲದ ಮಕ್ಕಳನ್ನು ಹುಡುಕುವುದು ಕಷ್ಟ. ಎದುರು ಮನೆಯ ಹುಡುಗ ರೊಬೊಟಿಕ್ಸ್ ಕ್ಲಬ್ಬಿನ ಅಧ್ಯಕ್ಷ. ಪಕ್ಕದ ಮನೆಯವಳು ಹಳೆಯ ಕನ್ನಡಕ ಕೂಡಿಹಾಕಿ ಎಲ್ಲಿಗೋ ಕಳಿಸುವ ಸಂಸ್ಥೆಯ ಸಂಸ್ಥಾಪಕಿ. ಇನ್ನೂ ಮೀಸೆ ಚಿಗುರದ ಅವಳ ತಮ್ಮ ಅದರ ಖಜಾಂಚಿ. ಸದಸ್ಯರು ಯಾರಪ್ಪಾ ಎಂದು ಕೇಳಿದೆ. ಅಕ್ಕ ತಮ್ಮ ಮುಖಮುಖ ನೋಡಿಕೊಂಡರು. ಮೈಸೂರಿನಲ್ಲಿದ್ದಾಗ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಸಭೆಗೂ ಪದಾಧಿಕಾರಿಗಳನ್ನು ಬಿಟ್ಟರೆ ಕಾಫಿ ತರುವ ಹುಡುಗನೊಬ್ಬನೇ ಬರುತ್ತಿದ್ದದ್ದು. ಹಾಗಾಗಿ ನನಗೆ ಇದು ಪರಿಚಿತ ವಾತಾವರಣವೇ.

ಇದಕ್ಕೆಲ್ಲ ಕಾರಣ ಕಾಮನ್ ಆ್ಯಪ್ ಎಂಬ ಅರ್ಜಿ. ಸಾವಿರಕ್ಕೂ ಹೆಚ್ಚು ಕಾಲೇಜುಗಳಿಗೆ ಇದೊಂದರಲ್ಲೇ ಅರ್ಜಿ ಹಾಕಬಹುದು. ಆಗಸ್ಟ್ 1ಕ್ಕೆ ಬಾಗಿಲು ತೆರೆಯುತ್ತದೆ, ಮನೆಮನೆಯಲ್ಲಿ ಜಗಳ ಶುರುವಾಗುತ್ತದೆ. ಅಂಕಗಳು, ಪ್ರಬಂಧ ಎಲ್ಲ ಆದಮೇಲೆ, ಪಾಠದ ಹೊರಗೆ ಏನೇನು ಮಾಡಿದಿರಿ ಎಂದು ಬರೆಯಲು 10 ಖಾನೆ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂಬ ಲೆಕ್ಕವನ್ನೂ ಒಪ್ಪಿಸಬೇಕು. ವಿವರಣೆಗೆ ಸಿಗುವುದು 150 ಅಕ್ಷರ, ಪದಗಳ ನಡುವಿನ ಖಾಲಿ ಜಾಗವೂ ಸೇರಿ.

ಮೊಮ್ಮಗಳ ರಂಗಪ್ರವೇಶ ಅಷ್ಟರಲ್ಲಿ ಹಿಡಿಸಬೇಕಿತ್ತು. ಐದನೇ ವಯಸ್ಸಿನಿಂದ ಕಲಿತದ್ದು, ಚೆನ್ನೈನಿಂದ ಮೃದಂಗದವರು ಬಂದದ್ದು, ವರ್ಣದ ಮಧ್ಯೆ ಗೆಜ್ಜೆ ಸಡಿಲವಾದರೂ ಹುಡುಗಿ ಮುಖದ ಭಾವ ಕದಲಿಸದೆ ಕುಣಿದದ್ದು, ತಿಲ್ಲಾನ ಮುಗಿಯುವಾಗ ನಮ್ಮಾಕೆ ಕಣ್ಣೊರೆಸಿಕೊಂಡದ್ದು. ಪದಕ್ಕಿಷ್ಟು ಎಂದು ದುಡ್ಡು ಕೊಟ್ಟು ತಂತಿ ಕಳಿಸಿದ ಕಾಲದವನಾದ್ದರಿಂದ ಕತ್ತರಿಸುವ ಕೆಲಸಕ್ಕೆ ನನ್ನನ್ನು ಕರೆದರು. ಮೊದಲು ವಿಶೇಷಣಗಳು ಹೋದವು. ಆಮೇಲೆ ಮೃದಂಗ ಹೋಯಿತು. ಕೊನೆಗೆ ಅವಳೇ, “ತಾತ, ಗುರುಗಳ ಹೆಸರು ತೆಗೆದರೆ ಸರಿಹೋಗತ್ತೆ” ಎಂದಳು. ಸರಿಹೋಯಿತು. ನನಗೆ ಮಾತ್ರ ಆವತ್ತು ರಾತ್ರಿ ಊಟ ಸರಿಹೋಗಲಿಲ್ಲ.

ಊರಿನಲ್ಲಿ ಈ ತಾಪತ್ರಯವಿಲ್ಲ. ಎಂಜಿನಿಯರಿಂಗಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್‌ನವರಿಗೆ ಒಂದಿಷ್ಟು ಸೀಟು ಇವೆ, ಅಷ್ಟೆ. ಅಲ್ಲಿ ಪಿಯುಸಿ ಬಂದ ಕೂಡಲೇ ವೀಣೆ ಅಟ್ಟ ಸೇರುತ್ತದೆ. ಇಲ್ಲಿ ಅದೇ ವಯಸ್ಸಿಗೆ ಅಟ್ಟದಿಂದ ಇಳಿಯುತ್ತದೆ. ವೀಣೆಯ ಅಭಿಪ್ರಾಯವನ್ನು ಎರಡು ಕಡೆಯೂ ಯಾರೂ ಕೇಳಿದ್ದಿಲ್ಲ.

ಮಗಳ ಚಿಂತೆಯೇ ಬೇರೆ. “ಒಂಬತ್ತನೇ ಕ್ಲಾಸಿಗೇ ಪ್ಯಾಷನ್ ಯಾವುದು ಅಂತ ಗೊತ್ತಾಗಿರಬೇಕು ಅಪ್ಪ.” ನನಗೆ ಎಪ್ಪತ್ತು ದಾಟಿದೆ, ಪತ್ರಿಕೆಯ ಪದಬಂಧ ಬಿಟ್ಟರೆ ನನ್ನದು ಇನ್ನೂ ಗೊತ್ತಾಗಿಲ್ಲ. ಗೊತ್ತಾಗದವರಿಗೆ ಹುಡುಕಿಕೊಡಲು ಗಂಟೆಗಿಷ್ಟು ಫೀಸಿನ ಸಲಹೆಗಾರರಿದ್ದಾರೆ. ಅಂಥವರಲ್ಲೊಬ್ಬ ರಿಕ್ ಸಿಂಗರ್ ಈ ದಂಧೆಯನ್ನು ತುದಿ ಮುಟ್ಟಿಸಿದ. ಕಾಲೇಜು ಸೀಟಿಗಾಗಿ ಮಕ್ಕಳ ಮುಖವನ್ನು ಬೇರೆ ಆಟಗಾರರ ದೇಹಕ್ಕೆ ಅಂಟಿಸಿದ ಫೋಟೋಗಳನ್ನೂ ತಯಾರು ಮಾಡಿಸಿದ್ದು 2019ರಲ್ಲಿ ಬಯಲಾಯಿತು. ಸ್ಪರ್ಧೆಯಲ್ಲಿ ದೋಣಿ ಹತ್ತದವರು ರೋಯಿಂಗ್ ಪಟುಗಳಾಗಿದ್ದರು. ಈ ಹಗರಣದಲ್ಲಿ ಲೋರಿ ಲಾಫ್ಲಿನ್ ಎಂಬ ಹೆಸರಾಂತ ನಟಿ ಜೈಲಿಗೂ ಹೋಗಿಬಂದರು.

ವಿಚಿತ್ರವೆಂದರೆ, ಅಪ್ಪ ಅಮ್ಮಂದಿರಿಗಿಂತ ಆ ಕಾಮನ್ ಆ್ಯಪ್ ಅರ್ಜಿಗೇ ಬುದ್ಧಿ ಹೆಚ್ಚಿದೆ. ಚಟುವಟಿಕೆಗಳ ಪಟ್ಟಿಯಲ್ಲಿ ‘ಮನೆಯ ಹೊಣೆ’ ಎಂಬ ಬಾಬತ್ತು ಇದೆ. ಸಂಬಳದ ಕೆಲಸ ಎಂಬುದೂ ಇದೆ. ಎಂಐಟಿ ತನ್ನದೇ ಅರ್ಜಿಯಲ್ಲಿ ನಾಲ್ಕೇ ಚಟುವಟಿಕೆ ಸಾಕು ಅನ್ನುತ್ತದೆ. ಚಟುವಟಿಕೆಗಳ ಉದ್ದ ಪಟ್ಟಿ ಬೇಡ, ಮನೆಯವರನ್ನು ನೋಡಿಕೊಳ್ಳುವುದೂ ಲೆಕ್ಕಕ್ಕೆ ಬರಲಿ ಎಂದು ಹಾರ್ವರ್ಡ್‌ನ ಶಿಕ್ಷಣ ವಿಭಾಗದಿಂದ 2016ರಲ್ಲಿ ಒಂದು ವರದಿಯೇ ಬಂದಿತ್ತು. ಓದಿದವರು ತಲೆದೂಗಿದರು, ಆಮೇಲೆ ಮಕ್ಕಳನ್ನು ಡಿಬೇಟ್ ಕ್ಲಾಸಿಗೆ ಬಿಟ್ಟುಬಂದರು.

ನಮ್ಮ ಹುಡುಗಿ ಶನಿವಾರ ಬೋಬಾ ಟೀ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮಂಡಿ ಆಪರೇಷನ್ ಆದಾಗಿನಿಂದ ಅಜ್ಜಿಯನ್ನು ಡಾಕ್ಟರ ಹತ್ತಿರ, ಔಷಧಿ ಅಂಗಡಿಗೆ ಕಾರಿನಲ್ಲಿ ಕರೆದೊಯ್ಯುವವಳೂ ಅವಳೇ. ಅಜ್ಜಿಯ ‘ಜುಮುಜುಮು’ ಅನ್ನುವುದನ್ನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಅರ್ಥ ಮಾಡಿಸುವುದು ಯಾವ ಡಿಬೇಟಿಗಿಂತಲೂ ಕಡಿಮೆಯದಲ್ಲ. ಇವೆರಡನ್ನೂ ಬರೆಯಮ್ಮಾ ಎಂದೆ. “ಜನ ಏನಂದುಕೋತಾರೆ!” ಎಂದಳು ನನ್ನ ಮಗಳು, ಅಡ್ಮಿಷನ್ ಆಫೀಸಿನಲ್ಲಿ ನಮ್ಮ ನೆಂಟರೇ ಕೂತಿರುವವರ ಹಾಗೆ.

ಹುಡುಗಿ ಬರೆದೇಬಿಟ್ಟಳು. ಬರೆದದ್ದನ್ನು ಅಜ್ಜಿಗೆ ಓದಿ ಹೇಳಿದಳು: ಅಜ್ಜಿಯನ್ನು ನೋಡಿಕೊಳ್ಳುವುದು, ವಾರಕ್ಕೆ ಆರು ಗಂಟೆ. ಅಜ್ಜಿ ಅವರೆಕಾಯಿ ಸುಲಿಯುತ್ತಲೇ ಹೇಳಿದಳು:

“ಅದರಲ್ಲಿ ಎರಡು ಗಂಟೆ ಫೋನ್ ನೋಡ್ತಾ ಕೂತಿರ್ತೀಯ. ನಾಲ್ಕು ಅಂತ ಹಾಕು.”