ಆಂಬುಲೆನ್ಸಿನ ಬಾಲಂಗೋಚಿ

ಆಂಬುಲೆನ್ಸಿಗೆ ದಾರಿ ಬಿಡದವರನ್ನು ಬೈಯುವುದಕ್ಕೆ ಬೆಂಗಳೂರಿನಲ್ಲಿ ಜನರ ಕೊರತೆಯಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಲೋಕ ಮರೆತವನು, ಸೈರನ್ ಕೇಳಿದೊಡನೆ ಗಾಬರಿಬಿದ್ದು ಬಲಕ್ಕೇ ಎಳೆಯುವವನು, "ಒಳಗೆ ಪೇಶೆಂಟೂ ಇಲ್ಲ, ಎಂಥದೂ ಇಲ್ಲ ಸಾರ್, ಡ್ರೈವರ್ ತಿಂಡಿಗೆ ಹೊರಟಿದಾನೆ" ಎಂದು ಕೂತಲ್ಲೇ ರೋಗನಿರ್ಣಯ ಮಾಡುವವನು, ಇವರೆಲ್ಲರ ಮಾನವೂ ಎಂದೋ ಹರಾಜಾಗಿದೆ. ಆದರೆ ಆಂಬುಲೆನ್ಸನ್ನು ಮನಸಾರೆ ಪ್ರೀತಿಸುವ ಇನ್ನೊಬ್ಬರಿದ್ದಾರೆ. ಅವರ ಮೇಲೆ ಯಾರ ಕಣ್ಣೂ ಬಿದ್ದಿಲ್ಲ. ಬೀಳುವಷ್ಟರಲ್ಲಿ ಅವರು ಮುಂದಿನ ಸಿಗ್ನಲ್ ದಾಟಿರುತ್ತಾರೆ.

ನಮ್ಮ ಆಫೀಸಿನಲ್ಲಿ ಅವರಿಗೆ ಬಾಲಂಗೋಚಿ ರಾಯರು ಎಂದು ಹೆಸರು. ಮನೆ ಬೊಮ್ಮನಹಳ್ಳಿಯ ಆಚೆ, ಆಫೀಸು ವಿಲ್ಸನ್ ಗಾರ್ಡನ್ನಿನಲ್ಲಿ. ನಡುವೆ ಸಿಲ್ಕ್ ಬೋರ್ಡ್, ಮಡಿವಾಳ, ಡೇರಿ ಸರ್ಕಲ್. ಈ ದಾರಿಯಲ್ಲಿ ದಿನಾ ಓಡಾಡುವ ಉಳಿದವರೆಲ್ಲ ಹಣೆಬರಹವನ್ನು ಹಳಿಯುತ್ತಾರೆ. ರಾಯರು ಮಾತ್ರ ದೇವರಿಗೆ ಕೈಮುಗಿಯುತ್ತಾರೆ. ಸೇಂಟ್ ಜಾನ್ಸ್, ನಿಮ್ಹಾನ್ಸ್, ಕಿದ್ವಾಯಿ, ಸಂಜಯ ಗಾಂಧಿ, ಮಕ್ಕಳ ಆಸ್ಪತ್ರೆ ಇಷ್ಟೂ ಒಂದೇ ದಿಕ್ಕಿನಲ್ಲಿ, ಅದೂ ತಮ್ಮ ಆಫೀಸಿನ ದಿಕ್ಕಿನಲ್ಲಿ ಇರುವುದು ಪೂರ್ವಜನ್ಮದ ಪುಣ್ಯವಲ್ಲದೆ ಮತ್ತೇನು?

ಮೊದಲೇ ಹೇಳಿಬಿಡಬೇಕು, ಆಂಬುಲೆನ್ಸಿಗೆ ರಾಯರಷ್ಟು ಚೆನ್ನಾಗಿ ದಾರಿ ಬಿಡುವವರನ್ನು ನಾನು ಕಂಡಿಲ್ಲ. ದೂರದಲ್ಲೆಲ್ಲೋ ಸೈರನ್ನಿನ ಎಳೆ ಕೇಳಿದರೆ ಸಾಕು, ಕಿಟಕಿ ಇಳಿಸಿ ಕಿವಿಗೊಡುತ್ತಾರೆ. ಇಂಡಿಕೇಟರ್ ಹಾಕಿ, ಹಿಂದಿನವರಿಗೆ ಕೈಯಲ್ಲೂ ಸೂಚನೆ ಕೊಟ್ಟು, ನಯವಾಗಿ ಎಡಕ್ಕೆ ಸರಿದು, ವೇಗ ತಗ್ಗಿಸುತ್ತಾರೆ. ಡ್ರೈವಿಂಗ್ ಸ್ಕೂಲಿನವರು ಫಿಲ್ಮು ತೆಗೆದು ತೋರಿಸಬಹುದು. ಆದರೆ ಆಂಬುಲೆನ್ಸಿನ ಹಿಂಬಾಗಿಲು ಅವರ ಬಾನೆಟ್ಟನ್ನು ದಾಟಿದೊಡನೆ ಫಿಲ್ಮು ನಿಲ್ಲಿಸಬೇಕು. ಯಾಕೆಂದರೆ ಆಮೇಲೆ ರಾಯರು ಫ್ರೇಮಿನಲ್ಲಿರುವುದಿಲ್ಲ. ಆಂಬುಲೆನ್ಸಿನ ಬೆನ್ನಿಗಿರುತ್ತಾರೆ.

ಬೆನ್ನಿಗೆ ಬಿದ್ದ ಕೂಡಲೇ ನಾಲ್ಕೂ ಇಂಡಿಕೇಟರ್ ಮಿನುಗಲು ಶುರು. ಹೆಡ್‌ಲೈಟು ಹಗಲಲ್ಲೂ ಉರಿಯುತ್ತದೆ. ಮುಖದ ಮೇಲೆ ಒಂದು ಬಗೆಯ ಕಳವಳ ತಾನಾಗಿ ಬಂದು ಕೂರುತ್ತದೆ. ನೋಡಿದವರು, "ಪಾಪ, ಪೇಶೆಂಟ್ ಕಡೆಯವರಿರಬೇಕು" ಎಂದುಕೊಂಡು ಇನ್ನಷ್ಟು ಜಾಗ ಬಿಡುತ್ತಾರೆ. ಬೈಕಿನಲ್ಲಿದ್ದ ಹೆಂಗಸರು ಗಲ್ಲ ತಟ್ಟಿಕೊಂಡು ದೇವರನ್ನು ನೆನೆಯುತ್ತಾರೆ. ಆ ಪ್ರಾರ್ಥನೆಯಲ್ಲೂ ರಾಯರಿಗೆ ಒಂದು ಪಾಲು ಸಿಕ್ಕೇ ಸಿಗುತ್ತದೆ. ಅವರು ಸುಳ್ಳು ಹೇಳುವವರಲ್ಲ. ಸಂಬಂಧಿಕನೆಂದು ಯಾರಿಗೂ ಬಾಯಿಬಿಟ್ಟು ಹೇಳಿದ್ದಿಲ್ಲ. ಯಾರೂ ಕೇಳಿಲ್ಲ, ಅಷ್ಟೆ.

ವರ್ಷಾನುಗಟ್ಟಲೆ ಬೆನ್ನುಹತ್ತಿದ ಫಲವಾಗಿ ಅವರಿಗೊಂದು ಶಾಸ್ತ್ರವೇ ಸಿದ್ಧಿಸಿದೆ. ತಮಿಳುನಾಡು ನಂಬರಿನ ಗಾಡಿಯಾದರೆ ಅದು ನಿಮ್ಹಾನ್ಸಿಗೇ ಹೋಗುವುದು, ಪೂರ್ಣ ಫಲ. ಮಡಿವಾಳದಲ್ಲಿ ಸೇಂಟ್ ಜಾನ್ಸ್ ಕಡೆ ಹೊರಳಿತೋ, ಅರ್ಧ ಫಲ. ಸಿಲ್ಕ್ ಬೋರ್ಡಿನಲ್ಲೇ ಎಡಕ್ಕೆ ತಿರುಗಿ ಜಯದೇವದ ದಾರಿ ಹಿಡಿದರೆ, "ಹಾರ್ಟ್ ಕೇಸು, ಉಪಯೋಗ ಇಲ್ಲ" ಎಂದು ನಿಟ್ಟುಸಿರು ಬಿಡುತ್ತಾರೆ. ಸೈರನ್ ಹಾಕದೆ ಸುಮ್ಮನೆ ಹೋಗುವ ಆಂಬುಲೆನ್ಸನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ, "ಗವರ್ನಮೆಂಟ್ ಡೀಸೆಲ್ ದಂಡ" ಎನ್ನುತ್ತಾರೆ. 108ರ ಆರೋಗ್ಯ ಕವಚ ರಾಜ್ಯದಲ್ಲಿ ಶುರುವಾದದ್ದು 2008ರ ನವೆಂಬರ್ 1ರಂದು. ಕನ್ನಡಿಗರಿಗೆ ಅದಕ್ಕಿಂತ ದೊಡ್ಡ ರಾಜ್ಯೋತ್ಸವದ ಕೊಡುಗೆ ಸಿಕ್ಕಿಲ್ಲವೆಂಬುದು ಅವರ ಖಚಿತ ಅಭಿಪ್ರಾಯ. ಹಾಗೆಂದು ರಾಯರು ಯಾರಿಗೂ ಕೇಡು ಬಯಸುವವರಲ್ಲ. ಆಗಲೇಬೇಕಾದದ್ದು ಬೆಳಿಗ್ಗೆ ಎಂಟೂಮುಕ್ಕಾಲಿಗೆ, ಬೊಮ್ಮನಹಳ್ಳಿಯ ಆಸುಪಾಸಿನಲ್ಲಿ ಆಗಲಿ ಎಂಬುದಷ್ಟೇ ಅವರ ಕೋರಿಕೆ.

ಸುದ್ದಿಯನ್ನು ಅವರು ಓದುವ ಬಗೆಯೂ ಬೇರೆ. 2017ರ ಜೂನಿನಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಮೆಟ್ರೋದ ಹಸಿರು ಮಾರ್ಗದ ಉದ್ಘಾಟನೆಗೆ ಬಂದಿದ್ದಾಗ, ಟ್ರಿನಿಟಿ ಸರ್ಕಲ್ಲಿನಲ್ಲಿ ಸಂಚಾರ ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ನಿಜಲಿಂಗಪ್ಪನವರು ರಾಷ್ಟ್ರಪತಿಗಳ ಸಾಲುಗಾಡಿಯನ್ನೇ ತಡೆದು ಒಂದು ಆಂಬುಲೆನ್ಸನ್ನು ಮುಂದೆ ಬಿಟ್ಟರು. ದೇಶವೆಲ್ಲ ಭೇಷ್ ಎಂದಿತು. ರಾಯರು ಪತ್ರಿಕೆಯನ್ನು ಮಡಿಸಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಆಂಬುಲೆನ್ಸ್ ಹಿಂದೆ ಎಷ್ಟು ಗಾಡಿ ಪಾಸಾಯ್ತಂತೆ?" 2020ರ ಫೆಬ್ರವರಿಯಲ್ಲಿ 40 ದಿನದ ಕೂಸನ್ನು ಮಂಗಳೂರಿನಿಂದ ಜಯದೇವಕ್ಕೆ ಝೀರೋ ಟ್ರಾಫಿಕ್ಕಿನಲ್ಲಿ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಕರೆತಂದಾಗ ಊರೂರಿನಲ್ಲಿ ಜನ ರಸ್ತೆಗಿಳಿದು ದಾರಿ ಕಾದರು. ನಾವೆಲ್ಲ ಟಿ.ವಿ. ಮುಂದೆ ಉಸಿರು ಬಿಗಿಹಿಡಿದು ಕೂತಿದ್ದೆವು. ರಾಯರಿಗೂ ಕಣ್ಣು ತುಂಬಿಬಂದಿತ್ತು. "ಛೇ, ಅವತ್ತು ನಾನು ನೆಲಮಂಗಲದಲ್ಲಾದರೂ ಇರಬೇಕಿತ್ತು" ಎಂದರು.

ಇದು ತಪ್ಪಲ್ಲವೇ ಎಂದರೆ ಕಾನೂನು ಬಿಚ್ಚುತ್ತಾರೆ. "194ಇ ಸೆಕ್ಷನ್ ಓದಿದೀರಾ? 2019ರಲ್ಲಿ ಸೇರಿಸಿದ್ದು. ತುರ್ತು ವಾಹನಕ್ಕೆ ದಾರಿ ಕೊಡದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲಾ 10,000 ರೂಪಾಯಿ ದಂಡ, ಇಲ್ಲಾ ಎರಡೂ. ನಾನು ದಾರಿ ಕೊಟ್ಟಿದೀನೋ ಇಲ್ವೋ? ಕೊಟ್ಟ ಮೇಲೆ ಹಿಂದೆ ಹೋಗಬಾರದು ಅಂತ ಆ ಸೆಕ್ಷನ್ನಲ್ಲಿ ಎಲ್ಲಿದೆ ತೋರಿಸಿ." ಎಲ್ಲದರ ಹಿಂದೆ ಹೋಗುವ ರಾಯರು ಅದೇ ಪುಸ್ತಕದಲ್ಲಿ ಹತ್ತು ಸೆಕ್ಷನ್ ಹಿಂದೆ ಮಾತ್ರ ಹೋಗಿಲ್ಲ. 184 ಇರುವುದು ಅಲ್ಲಿ, ಅಪಾಯಕಾರಿ ಚಾಲನೆಯದು. ಆಂಬುಲೆನ್ಸಿಗೆ ದಾರಿ ಬಿಡಲೆಂದು ಸಿಗ್ನಲ್ ದಾಟಿದವರ ದಂಡ ರದ್ದು ಮಾಡುವುದಾಗಿ ಬೆಂಗಳೂರಿನ ಸಂಚಾರ ಪೊಲೀಸರು ಹೇಳಿದ್ದಾರಲ್ಲ, ಆ ಪೇಪರ್ ಕಟಿಂಗು ಅವರ ಡ್ಯಾಶ್‌ಬೋರ್ಡಿನಲ್ಲಿ ಎಮಿಷನ್ ಸರ್ಟಿಫಿಕೇಟಿನ ಜೊತೆಗಿದೆ.

ಒಂದು ಸೋಮವಾರ ಅವರ ಕಾರಿನಲ್ಲಿ ಎಡಗಡೆ ಸೀಟಿನಲ್ಲಿ ಕೂರುವ ಯೋಗ ನನಗೆ ಒದಗಿತು. ಸಿಲ್ಕ್ ಬೋರ್ಡ್ ದಾಟುವಾಗಲೇ ತಮಿಳುನಾಡಿನ ಗಾಡಿಯೊಂದು ಸಿಕ್ಕಿತು. ರಾಯರ ಮುಖ ಅರಳಿತು, ಮರುಕ್ಷಣ ಕಳವಳಕ್ಕೆ ತಿರುಗಿತು. ಹೊರಟೆವು. ಆಂಬುಲೆನ್ಸಿನ ಹಿಂಬಾಗಿಲ ಮೇಲಿನ ಫೋನ್ ನಂಬರು ಬಾಯಿಪಾಠವಾಗುವಷ್ಟು ಹತ್ತಿರ. ಅದು ಹಳ್ಳ ಕಂಡು ಬ್ರೇಕ್ ಒತ್ತಿದಾಗಲೆಲ್ಲ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಅದಕ್ಕಿಂತ ಭಯ ಪಕ್ಕದವರದು. ಸರಿದು ನಿಂತವರು ಆಂಬುಲೆನ್ಸ್ ಹೋಯಿತೆಂದು ಮತ್ತೆ ತಮ್ಮ ಸಾಲಿಗೆ ಬರುತ್ತಾರೆ. ಅದರ ಹಿಂದೆಯೇ ಇನ್ನೊಂದು ಗಾಡಿ ಅದೇ ವೇಗದಲ್ಲಿ ನುಗ್ಗಿ ಬರುತ್ತದೆಂದು ಯಾರು ಕನಸು ಕಾಣುತ್ತಾರೆ? ಹಾಗೆ ಸಾಲಿಗೆ ಬಂದ ಸ್ಕೂಟರಿನವನೊಬ್ಬ ಕೂದಲೆಳೆಯಲ್ಲಿ ಉಳಿದ. ರಾಯರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮಾನವೀಯತೆ ಇಲ್ವೇನ್ರೀ? ಆಂಬುಲೆನ್ಸ್ ಕಣ್ಣಿಗೆ ಕಾಣ್ಸಲ್ವಾ?" ಎಂದು ಗದರಿದರು. ಆತ ಪಾಪ, "ಸಾರಿ ಸಾರ್" ಎಂದ. ನಮಗೂ ಆಂಬುಲೆನ್ಸಿಗೂ ನಡುವೆ ಒಂದು ಆಟೋ ಮೂತಿ ತೂರಿಸಲು ನೋಡಿದಾಗಲಂತೂ ಅವರ ಸಿಟ್ಟು ನೋಡಬೇಕಿತ್ತು. "ಎಂಥಾ ಜನಾರೀ! ಒಂದು ಜೀವ ಹೋಗ್ತಿದೆ, ಇವನು ಅದರಲ್ಲೂ ಲಾಭ ನೋಡ್ತಾನೆ."

ಮಡಿವಾಳ ಬರುವ ಹೊತ್ತಿಗೆ ಸೈರನ್ನು ಎಂದಿಗಿಂತ ಜೋರಾಯಿತು. "ಇವತ್ತು ಒಳ್ಳೇ ಗಾಡಿ ಸಿಕ್ಕಿದೆ" ಎಂದರು ರಾಯರು. ನನಗೆ ಅನುಮಾನ ಬಂತು. ಸದ್ದು ಮುಂದಿನಿಂದ ಬರುತ್ತಿರಲಿಲ್ಲ. ತಿರುಗಿ ನೋಡಿದರೆ ಹಿಂದೆ ಇನ್ನೊಂದು ಆಂಬುಲೆನ್ಸು! ಮುಂದಿನವರ ಕನ್ನಡಿಯಲ್ಲಿ ನೆಟ್ಟಗೆ ಕಾಣಲಿ ಎಂದೇ ಅದರ ಮೂತಿಯ ಮೇಲೆ ಅಕ್ಷರಗಳನ್ನು ತಿರುಗುಮುರುಗಾಗಿ ಬರೆದಿರುತ್ತಾರೆ. ರಾಯರು ಕನ್ನಡಿ ನೋಡಿದರೆ ತಾನೆ? ಬಾಲಕ್ಕೆ ಹಿಂದೇನು ಕೆಲಸ? ಅದು ಹಾರ್ನ್ ಹೊಡೆಯಿತು, ಲೈಟ್ ಮಿನುಗಿಸಿತು. ಕೊನೆಗೆ ಅದರ ಡ್ರೈವರ್ ಹೊರಗೆ ಕೈ ಚಾಚಿ ನಮ್ಮ ಕುಲಗೋತ್ರ ವಿಚಾರಿಸತೊಡಗಿದ. ಸರಿಯೋಣವೆಂದರೆ ಎಡಕ್ಕೆ ಜಾಗವಿಲ್ಲ. ಅಲ್ಲಿದ್ದವರೆಲ್ಲ ನಮಗೆಂದೇ ಒತ್ತರಿಸಿಕೊಂಡು ನಿಂತಿದ್ದರು. ಸರ್ಕಲ್ಲಿನ ಪೊಲೀಸಪ್ಪ ಓಡಿ ಬಂದು ಬಾನೆಟ್ಟಿನ ಮೇಲೆ ಬಡಿದ. "ರೀ, ಕಿವಿ ಕೇಳ್ಸಲ್ವೇನ್ರೀ? ಹಿಂದೆ ಆಂಬುಲೆನ್ಸ್ ಬರ್ತಿದೆ, ದಾರಿ ಬಿಡ್ರೀ!"

ರಾಯರಿಗೆ ನಿಜವಾಗಿಯೂ ನೋವಾಗಿತ್ತು. ಮುಂದಕ್ಕೆ ಬೆರಳು ಮಾಡಿ, "ನಾನು ಆಗಲೇ ಒಂದು ಆಂಬುಲೆನ್ಸ್ ಜೊತೆ ಇದೀನಲ್ರೀ!" ಎಂದರು.

ದಂಡ ಎಷ್ಟಾಯಿತೆಂದು ಅವರೂ ಹೇಳಿಲ್ಲ, ನಾವೂ ಕೇಳಿಲ್ಲ. ಆಮೇಲೆ ಕೆಲವು ದಿನ ಸೈರನ್ ಕೇಳಿದರೆ ಎಡಕ್ಕೆ ಸರಿದು ಅಲ್ಲೇ ಉಳಿಯುತ್ತಿದ್ದರಂತೆ. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದು ಕೂರಲಾರಂಭಿಸಿದರು.

ಅವರು ಮಂಕಾದದ್ದನ್ನು ನಾನು ಕಂಡದ್ದು 2025ರ ಆಗಸ್ಟಿನಲ್ಲಿ. ಕಸಿಗೆ ಬೇಕಾದ ಯಕೃತ್ತೊಂದನ್ನು ವೈಟ್‌ಫೀಲ್ಡಿನಿಂದ ರಾಜರಾಜೇಶ್ವರಿ ನಗರಕ್ಕೆ ಮೆಟ್ರೋ ರೈಲಿನಲ್ಲಿ ಸಾಗಿಸಿದ ಸುದ್ದಿ ಬಂದಿತ್ತು. ಕ್ಯಾಂಟೀನಿನಲ್ಲಿ ಎಲ್ಲರೂ, ಟ್ರಾಫಿಕ್ಕಿನ ಕಾಟ ತಪ್ಪಿತಲ್ಲ, ಒಳ್ಳೆಯ ಕೆಲಸ ಎಂದು ಕೊಂಡಾಡುತ್ತಿದ್ದರು. ರಾಯರು ಕಾಫಿ ಲೋಟ ಕೆಳಗಿಟ್ಟು, ತಲೆಯಾಡಿಸಿ ಕೇಳಿದರು:

"ಎಲ್ಲಾನೂ ಹೀಗೆ ಮೆಟ್ರೋಗೆ ಹಾಕಿಬಿಟ್ರೆ, ರೋಡಲ್ಲಿ ಹೋಗೋರ ಗತಿ ಏನ್ರೀ?"